ತುಪ್ಪ ಬೀಳದ ಎಲೆ

ನಮ್ಮ ಮನೆಯಲ್ಲಿ ಹಾಲಿನ ಕೆನೆಯ ಮೇಲೂ ನೀಲಿ ಇರುತ್ತಿತ್ತು. ಬಳ್ಳಾರಿಯ ಪಾರ್ವತಿನಗರದಲ್ಲಿ ದೊಡ್ಡಪ್ಪ ಕಟ್ಟಿಸಿದ್ದ ಎರಡಂತಸ್ತಿನ ಮನೆಯ ಕೆಳಗಿನ ಮೂರು ಕೋಣೆಗಳಲ್ಲಿ ನಾವಿದ್ದೆವು. ಬೀದಿಗೆ ಮುಖ ಮಾಡಿದ ಮೊದಲ ಕೋಣೆಯಲ್ಲಿ ಅವ್ವನ ಹೊಲಿಗೆ ಮಿಶನ್ನು, ಅದರ ಪಕ್ಕ ನನ್ನ ಎದೆಯೆತ್ತರಕ್ಕೆ ಪೇರಿಸಿದ ಜೀನ್ಸ್ ಪ್ಯಾಂಟುಗಳು. ಹೊಲಿಗೆ ಮುಗಿದಿದ್ದರೂ ಇನ್ನೂ ನೀರು ಕಾಣದ ಆ ಬಟ್ಟೆ ಮುಟ್ಟಿದವರಿಗೆಲ್ಲ ಬಣ್ಣ ಹಂಚುತ್ತಿತ್ತು. ಅವ್ವ ಹೊಲಿದು ಪಕ್ಕಕ್ಕೆ ಹಾಕಿದ ಪ್ಯಾಂಟನ್ನು ಎತ್ತಿಕೊಂಡು ಹೊಲಿಗೆಯ ತುದಿಗಳಲ್ಲಿ ಜೋತ ದಾರಗಳನ್ನು ಸಣ್ಣ ಕತ್ತರಿಯಿಂದ ಕತ್ತರಿಸುವುದು ಶಾಲೆಯಿಂದ ಬಂದ ಮೇಲೆ ನನ್ನ ಕೆಲಸ. ಆ ಕೆಲಸವನ್ನು ನಾನು ದ್ವೇಷಿಸಿದೆನೆಂದು ಯಾರೂ ತಿಳಿಯಬಾರದು. ಮಿಶನ್ನಿನ ಸದ್ದಿನ ನಡುವೆ ಅವ್ವ ನಮ್ಮೂರು ದೇಶನೂರಿನ ಕಾಲುವೆಯ ಕತೆ ಹೇಳುತ್ತಿದ್ದಳು. ನಾನು ದಾರದ ತುಣುಕುಗಳನ್ನು ಗುಡ್ಡೆ ಹಾಕಿ ಅದಕ್ಕೆ ಕೋಟೆಗುಡ್ಡ ಎಂದು ಹೆಸರಿಟ್ಟು ನಗಿಸುತ್ತಿದ್ದೆ. ಮೊದಲು ಉಗುರಿನ ಸಂದಿ, ಆಮೇಲೆ ಬೆರಳ ಗೆರೆ, ಕೊನೆಗೆ ಅಂಗೈಯೆಲ್ಲ ನೀಲಿಯಾಗುತ್ತಿತ್ತು. ನೂಲಿನ ಧೂಳು ನಡುಕೋಣೆಯನ್ನು ದಾಟಿ ಅಡುಗೆಮನೆಗೆ ಹೋಗಿ ಹಾಲಿನ ಪಾತ್ರೆಯ ಮೇಲೆ ಕೂರುತ್ತಿತ್ತು. ಅಪ್ಪ ಸಿರುಗುಪ್ಪದ ದಾರಿಯಲ್ಲಿ ಬಸ್ಸು ಓಡಿಸಿ ಸಂಜೆ ಮನೆಗೆ ಬಂದವನು ಕೆನೆಯನ್ನು ಬೆರಳಿನಿಂದ ಸರಿಸಿ, "ಇವತ್ತ ಹಾಲಿಗೂ ಪ್ಯಾಂಟ್ ತೊಡಿಸೀರಿ" ಎನ್ನುತ್ತಿದ್ದ.

ನಾವು ಊರು ಬಿಟ್ಟಿದ್ದು ನನ್ನ ಓದಿಗಾಗಿ. ದೇಶನೂರಿನ ಗದ್ದೆಗೆ ನೀರಿತ್ತು, ಬೆಳೆಯಿತ್ತು. ಅಜ್ಜಿ ಮತ್ತು ಚಿಕ್ಕಪ್ಪ ಅಲ್ಲೇ ಉಳಿದರು. ಒಳ್ಳೆಯ ಶಾಲೆಯಲ್ಲಿ ಮಗಳು ಓದಬೇಕೆಂಬ ಒಂದೇ ಹಟಕ್ಕೆ ಅವ್ವ ಅಂಗಳದ ಮನೆಯನ್ನು ಬಿಟ್ಟು ಮೂರು ಕೋಣೆಗೆ ಬಂದಿದ್ದಳು, ಬಂದ ಮೇಲೆ ಹೊಲಿಗೆ ಕಲಿತಿದ್ದಳು. ಆದ್ದರಿಂದ ನಾನು ಶಾಲೆಗೆ ಹೋಗುವುದು ನನ್ನೊಬ್ಬಳ ಇಷ್ಟಾನಿಷ್ಟದ ಮಾತಾಗಿರಲಿಲ್ಲ. ನಾನು ಹೋಗುವುದಿಲ್ಲ ಎಂದರೆ ಅವ್ವ ಬಿಟ್ಟು ಬಂದದ್ದೆಲ್ಲ ವ್ಯರ್ಥವಾಗುತ್ತಿತ್ತು. ಒಂಬತ್ತು ವರ್ಷದ ಹುಡುಗಿಗೆ ಇದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ಆದರೂ ಅದು ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಶಾಲೆಯಲ್ಲಿ ನಡೆಯುತ್ತಿದ್ದುದರ ಕುರಿತು ಅಷ್ಟು ದಿನ ಬಾಯಿ ಬಿಡಲಿಲ್ಲ.

ಮಹಡಿಯಲ್ಲಿ ದೊಡ್ಡಪ್ಪ, ದೊಡ್ಡವ್ವ, ಅವರ ಮಗಳು ರೂಪಾ ಇದ್ದರು. ರೂಪಾ ನನ್ನದೇ ತರಗತಿ. ದೊಡ್ಡವ್ವ ಕೆಟ್ಟವಳಲ್ಲ. ನನಗೆ ಜ್ವರ ಬಂದಾಗ ರಾಗಿ ಗಂಜಿ ಮಾಡಿ ಕಳಿಸುತ್ತಿದ್ದಳು, ಹಬ್ಬದ ಮುಂಜಾನೆ ಇಬ್ಬರನ್ನೂ ಕೂರಿಸಿ ಒಂದೇ ಬಟ್ಟಲಿನ ಎಣ್ಣೆ ಹಚ್ಚುತ್ತಿದ್ದಳು. ಆದರೆ ಅವ್ವ ಮಹಡಿಗೆ ಹೋದಾಗಲೆಲ್ಲ ಮೆತ್ತನೆಯ ಸೋಫಾದ ಮೇಲೆ ದೊಡ್ಡವ್ವ ಮೊದಲು ಒಂದು ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಾಸುತ್ತಿದ್ದಳು.

"ಕೂಡು ಸುವರ್ಣಾ. ಏನಿಲ್ಲ, ನೀಲಿ ಹತ್ತಿದ್ರ ಹೋಗಂಗಿಲ್ಲ ನೋಡು, ಅದಕ್ಕ."

ಅವ್ವ ನಕ್ಕು ಆ ಸೀರೆಯ ಮೇಲೆ ಕೂರುತ್ತಿದ್ದಳು, ಅಂಚಿನಲ್ಲಿ, ಈಗಲೋ ಆಗಲೋ ಏಳುವವಳ ಹಾಗೆ. ಬಣ್ಣ ಹತ್ತುತ್ತದೆ ಎಂಬುದು ನಿಜವೇ. ಅದನ್ನು ಅಲ್ಲಗಳೆಯಲು ನನ್ನಲ್ಲಿ ಇಂದಿಗೂ ವಾದವಿಲ್ಲ. ಆದರೆ ಹಬ್ಬಕ್ಕೆ ಮಿಂದು ಹೊಸ ಸೀರೆಯುಟ್ಟು ಅರಿಶಿನ ಕುಂಕುಮಕ್ಕೆ ಹೋದ ದಿನವೂ ಆ ಹಳೆಯ ಸೀರೆ ಬಂದು ಹರಡಿಕೊಳ್ಳುತ್ತಿತ್ತು. ಅಷ್ಟರಲ್ಲಿ ಅದು ಬಣ್ಣದ ಭಯವಾಗಿ ಉಳಿದಿರಲಿಲ್ಲ. ಅವ್ವನ ಜಾಗ ಯಾವುದೆಂದು ತೋರಿಸುವ ಗುರುತಾಗಿತ್ತು. ಇದನ್ನು ಮನೆಯಲ್ಲಿ ಗಮನಿಸಿದವರು ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನೋಡುತ್ತಿದ್ದ ರೂಪಾ.

ಶಾಲೆಯಲ್ಲಿ ನನ್ನನ್ನು ಕಾಡಿದ ಆಟವನ್ನು ಕಟ್ಟಿದವಳು ಅವಳೇ. ನಿಯಮ ಬಹಳ ಸರಳ. ನಾನು ಯಾರನ್ನು ಮುಟ್ಟಿದರೂ ಅವರು ನೀಲಿ. ಅವರು ಓಡಿಹೋಗಿ ನಲ್ಲಿಯಲ್ಲಿ ಕೈ ತೊಳೆಯುವವರೆಗೂ ಅವರನ್ನೂ ಯಾರೂ ಮುಟ್ಟುವಂತಿಲ್ಲ. ತೊಳೆದೊಡನೆ ಅವರು ಮತ್ತೆ ಎಲ್ಲರಂತೆ. ನಾನು ಮಾತ್ರ ತೊಳೆದರೂ ನೀಲಿ. ಊಟದ ಗಂಟೆ ಬಾರಿಸಿದ ಮೇಲೆ ನಾನು ವರಾಂಡಕ್ಕೆ ಕಾಲಿಟ್ಟರೆ ಸಾಕು.

"ನೀಲಿ ಬಂತು, ಓಡ್ರಿಲೇ!"

"ಪಾರಿಪೋಂಡ್ರಾ!" ಎಂದು ತೆಲುಗು ಮನೆಯ ಹುಡುಗರೂ ಅದೇ ಕೂಗಿಗೆ ದನಿಗೂಡಿಸುತ್ತಿದ್ದರು. ನಮ್ಮ ತರಗತಿಯಲ್ಲಿ ಮನೆಮಾತು ಬೇರೆಬೇರೆಯಿದ್ದ ಮಕ್ಕಳೆಲ್ಲ ಒಂದಾಗಿದ್ದು ಆ ಒಂದು ವಿಷಯದಲ್ಲಿ. ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ ತುದಿಗೆ ಸರಿದಳು, ಆಮೇಲೆ ಹಿಂದಿನ ಬೆಂಚಿಗೆ ಹೋದಳು. ನಾನು ಕೊಟ್ಟ ರಬ್ಬರನ್ನು ಇನ್ನೊಬ್ಬಳು ಕಾಗದದಲ್ಲಿ ಹಿಡಿದು ತೆಗೆದುಕೊಂಡಳು. ಮನೆಯಲ್ಲಿ ಸಂಜೆ ಅದೇ ರೂಪಾ ನನ್ನ ತಟ್ಟೆಯಿಂದ ಹುರಿದ ಶೇಂಗಾ ಹೆಕ್ಕಿ ತಿನ್ನುತ್ತಿದ್ದಳು. ಒಮ್ಮೆ ಕೇಳಿಯೇಬಿಟ್ಟೆ.

"ಇಲ್ಲಿ ತಿಂತಿ, ಅಲ್ಯಾಕ ಹಂಗ ಮಾಡ್ತಿ?"

"ಅಲ್ಲಿ ಆಟಲೇ ಅದು. ಆಟಕ್ಕ ಯಾರಾರ ಸಿಟ್ಟು ಮಾಡ್ತಾರೇನು?"

ಆಟ. ಈ ಶಬ್ದವನ್ನು ನಾನು ಆಮೇಲೆ ಎಷ್ಟು ಜನರ ಬಾಯಲ್ಲಿ ಕೇಳಿದೆ! ಒಂದು ದಿನ ಧೈರ್ಯ ಮಾಡಿ ಟೀಚರ ಮೇಜಿನ ಬಳಿ ಹೋಗಿ ನಿಂತೆ. ಅವರು ನನ್ನ ಕೈಗಳನ್ನು ತಿರುಗಿಸಿ ನೋಡಿ, "ಚೆಂದಗೆ ತಿಕ್ಕಿ ತೊಳ್ಕಂಡು ಬಾರವ್ವ, ಆಮ್ಯಾಲ ಯಾರೂ ಏನೂ ಅನ್ನಂಗಿಲ್ಲ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅಕ್ಕರೆಯೇ ಇತ್ತು. ವಿಶ್ವವಿದ್ಯಾಲಯದಲ್ಲಿ ಕೂತು ಅನ್ಯಾಯದ ಕುರಿತು ದಪ್ಪ ದಪ್ಪ ಪುಸ್ತಕಗಳನ್ನು ಓದುವಾಗಲೆಲ್ಲ ನನಗೆ ಆ ಅಕ್ಕರೆಯ ದನಿಯೇ ಕೇಳಿಸುತ್ತಿತ್ತು. ಕಾಡಿದವರನ್ನು ಬಿಟ್ಟು ಕಾಡಿಸಿಕೊಂಡವಳ ಕೈಯನ್ನು ತಿರುಗಿಸಿ ನೋಡುವ ಈ ಅಭ್ಯಾಸ ಎಲ್ಲಿಂದ ಬರುತ್ತದೆ? ಮಗುವಿನ ಮೈಯಲ್ಲಿ, ಮಾತಿನಲ್ಲಿ, ಡಬ್ಬಿಯ ಊಟದಲ್ಲಿ ಒಂದು ಕೊರತೆಯನ್ನು ಹುಡುಕಿ, ಅದನ್ನು ತಿದ್ದಿಕೊಂಡರೆ ಲೋಕ ನಿನ್ನನ್ನು ಸೇರಿಸಿಕೊಳ್ಳುತ್ತದೆ ಎಂದು ಹೇಳುವ ಹಿರಿಯರು ಕಾಡುವ ಮಕ್ಕಳಿಗಿಂತ ಹೆಚ್ಚು ಉತ್ತರ ಕೊಡಬೇಕಾದವರು. ಮಕ್ಕಳಿಗೆ ಆಟವೆಂಬ ನೆಪವಾದರೂ ಇದೆ. ಇವರಿಗೆ ಯಾವ ನೆಪವಿದೆ?

ಟೀಚರ ಮಾತನ್ನು ನಾನು ಅಕ್ಷರಶಃ ಪಾಲಿಸಿದೆ. ಮೊದಲು ಸೋಪು, ಆಮೇಲೆ ಬಟ್ಟೆ ಒಗೆಯುವ ಕಲ್ಲಿಗೆ ಅಂಗೈ ತಿಕ್ಕುವುದು, ಕೊನೆಗೆ ಬಚ್ಚಲಿನ ಗೂಡಿನಲ್ಲಿದ್ದ ಬ್ಲೀಚಿಂಗ್ ಪುಡಿ. ನೀಲಿ ಹೋಯಿತೋ ಇಲ್ಲವೋ, ಚರ್ಮ ಸುಲಿದು ಕೆಂಪಾಯಿತು. ಅವ್ವನಿಗೆ ಜಾರಿಬಿದ್ದು ತರಚಿತು ಎಂದೆ. ಅವ್ವ ಕೊಬ್ಬರಿ ಎಣ್ಣೆ ಹಚ್ಚಿ, ದಾರ ಕತ್ತರಿಸುವುದು ಬೇಡವೆಂದಳು, ನಾನು ಕೇಳಲಿಲ್ಲ. ಆ ಕೋಣೆಯೊಂದೇ ನಾನು ಓಡಬೇಕಿಲ್ಲದ, ನನ್ನಿಂದ ಯಾರೂ ಓಡಿಹೋಗದ ಜಾಗವಾಗಿತ್ತು. ಶಾಲೆಯಲ್ಲಿ ಮಾತು ನಿಂತಿತು. ಪಾಠ ಓದಲು ಎಬ್ಬಿಸಿದರೆ ಅಕ್ಷರ ಕಾಣುತ್ತಿತ್ತು, ದನಿ ಬರುತ್ತಿರಲಿಲ್ಲ. ಸೋಮವಾರದ ಮುಂಜಾನೆ ಹೊಟ್ಟೆನೋವು ಬರುತ್ತಿತ್ತು, ಸುಳ್ಳು ನೋವಲ್ಲ, ಕರುಳು ತಿರುಚುವಂಥ ನಿಜವಾದ ನೋವು. ಆ ವರ್ಷದ ಕನಸುಗಳಲ್ಲೆಲ್ಲ ಅಪ್ಪನ ಬಸ್ಸು ನನ್ನನ್ನು ದೇಶನೂರಿನ ಕ್ರಾಸಿನಲ್ಲಿ ಇಳಿಸಿ ಹೋಗುತ್ತಿತ್ತು.

ಅಜ್ಜಿ ಪ್ರತಿ ಶ್ರಾವಣಕ್ಕೆ ದೇಶನೂರಿನಿಂದ ಬರುತ್ತಿದ್ದಳು, ಜೊತೆಯಲ್ಲಿ ಹೊಸ ಅಕ್ಕಿ, ಬಾಳೆಲೆಯ ಸುರುಳಿ, ಬೆಣ್ಣೆ ಕಾಯಿಸಿದ ತುಪ್ಪದ ಡಬ್ಬಿ. ಶ್ರಾವಣದ ಕೊನೆಯ ಸೋಮವಾರ ಮಹಡಿಯ ಪಡಸಾಲೆಯಲ್ಲಿ ಇಡೀ ಮನೆತನದ ಊಟ. ಆ ದಿನ ದೊಡ್ಡಪ್ಪನ ಮನೆ, ನಮ್ಮ ಮನೆ ಎಂಬ ಭೇದವಿರುತ್ತಿರಲಿಲ್ಲ. ಅಜ್ಜಿ ಇದ್ದಲ್ಲಿ ಅವಳದೇ ಮನೆ. ಎಲ್ಲರೂ ವಿಭೂತಿ ಧರಿಸಿ, ಪೂಜೆ ಮುಗಿಸಿ, ಸಾಲಾಗಿ ಎಲೆಯ ಮುಂದೆ ಕೂರಬೇಕು. ಹೋಳಿಗೆ, ಬದನೆಕಾಯಿ ಪಲ್ಯ, ಕೋಸಂಬರಿ, ಅನ್ನ, ಕಟ್ಟಿನ ಸಾರು ಎಲ್ಲ ಬಿದ್ದ ಮೇಲೆ ಕೊನೆಗೆ ತುಪ್ಪ. ತುಪ್ಪ ಬಡಿಸುವುದು ಮನೆಯ ಅತ್ಯಂತ ಕಿರಿಯ ಹೆಣ್ಣುಮಗಳ ಹಕ್ಕು. ಸಾಲಿನ ಕೊನೆಯ ಎಲೆಗೂ ತುಪ್ಪ ಬಿದ್ದು, ಅಜ್ಜಿ "ಹೂಂ, ಉಣ್ರಿ" ಎನ್ನುವವರೆಗೆ ಯಾರೂ ಎಲೆಗೆ ಕೈ ಹಾಕುವಂತಿಲ್ಲ. ದೊಡ್ಡಪ್ಪನಂಥ ದೊಡ್ಡಪ್ಪನೂ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕಾಯಬೇಕು. ರೂಪಾಳಿಗಿಂತ ನಾನು ಕೆಲವು ತಿಂಗಳು ಚಿಕ್ಕವಳು. ಹಾಗಾಗಿ ಆ ವರ್ಷವೂ ಹಿತ್ತಾಳೆಯ ಗಿಂಡಿ ನನ್ನ ಕೈಗೆ ಬಂತು.

ಅಜ್ಜಿಯಿಂದ ಶುರು ಮಾಡಿದೆ. ದೊಡ್ಡಪ್ಪ, ಅಪ್ಪ, ದೊಡ್ಡವ್ವ, ಅವ್ವ. ಒಬ್ಬೊಬ್ಬರ ಎಲೆಯ ಬಳಿ ಬಾಗುವಾಗಲೂ ನನ್ನ ಸುಲಿದ ಬೆರಳುಗಳನ್ನು ಗಿಂಡಿಯ ಕೆಳಗೆ ಅಡಗಿಸಿಕೊಳ್ಳುತ್ತಿದ್ದೆ. ಕೊನೆಯ ಎಲೆ ರೂಪಾಳದು. ಅವಳು ತನ್ನ ಎರಡೂ ಅಂಗೈಗಳನ್ನು ಎಲೆಯ ಮೇಲೆ ಚಾಚಿ ಮುಚ್ಚಿದಳು.

"ನನಗ ಬ್ಯಾಡ. ಈಕಿ ಕೈಲೆ ಬ್ಯಾಡ."

ಶಾಲೆಯ ಅಭ್ಯಾಸ ಬಾಯಿಗೆ ಬಂದುಬಿಟ್ಟಿತ್ತು. ಮರುಗಳಿಗೆಯಲ್ಲೇ ಅವಳಿಗೂ ತಾನು ಎಲ್ಲಿ ಕೂತಿದ್ದೇನೆಂಬುದು ಅರಿವಾಗಿರಬೇಕು. ಆದರೆ ಕೈ ತೆಗೆಯಲಿಲ್ಲ. ದೊಡ್ಡವ್ವ ಅವಸರದಿಂದ ಏಳಹೋದಳು.

"ಹುಡುಗರ ಮಾತು, ಬಿಡ್ರಿ ಅತ್ತಿ. ಇಲ್ಲಿ ಕೊಡು ಶಿವಿ, ನಾ ಹಾಕ್ತೀನಿ."

"ನೀ ಕೂಡು ಶಾಂತಾ," ಅಂದಳು ಅಜ್ಜಿ. "ಗಿಂಡಿ ಆಕಿ ಕೈಯಾಗ ಐತಿ. ಎಲಿ ಈಕಿದು ಮುಚ್ಚೇತಿ. ಇನ್ನ ಯಾರ ಉಣ್ಣಾಕ ಬರ್ತೈತಿ, ಹೇಳು?"

ಆಗ ಎಲ್ಲರಿಗೂ ಹೊಳೆಯಿತು. ರೂಪಾ ತನ್ನ ಎಲೆಯನ್ನಷ್ಟೇ ಮುಚ್ಚಿದೆನೆಂದುಕೊಂಡಿದ್ದಳು. ನಮ್ಮ ಮನೆತನದ ಕಟ್ಟಳೆಯಲ್ಲಿ ಒಂದು ಎಲೆ ಮುಚ್ಚಿದರೆ ಇಡೀ ಸಾಲೇ ಮುಚ್ಚಿದಂತೆ. ದೊಡ್ಡಪ್ಪ ಗಂಟಲು ಸರಿಪಡಿಸಿಕೊಂಡ.

"ಅವ್ವಾ, ಆರಿ ಹೊಕ್ಕೈತಿ. ಮಕ್ಕಳಾಟಕ್ಕ ನಾವ್ಯಾಕ..."

"ಆರ್ಲಿ. ಹೊಳಿ ದಂಡೀಗೆ ಬೆಳದ ಅನ್ನ, ತಣ್ಣಗಾದ್ರ ಸಾಯಂಗಿಲ್ಲ." ಅಜ್ಜಿ ನನ್ನತ್ತ ತಿರುಗಿದಳು. "ಆ ಕೈ ಯಾಕ ಹಂಗಾಗ್ಯಾವ? ಬಿದ್ದೆ ಅನಬ್ಯಾಡ. ಬಿದ್ದ ಗಾಯ ನಾನೂ ನೋಡೀನಿ. ಏನಾತು ಹೇಳು, ಮೊದಲಿಂದ."

ನಾನು ಅವ್ವನನ್ನು ನೋಡಿದೆ. ಹೇಳಿದರೆ ಶಾಲೆ ತಪ್ಪುತ್ತದೆ, ಈ ಮನೆ ತಪ್ಪುತ್ತದೆ, ಅವ್ವನ ಹಟ ಸೋಲುತ್ತದೆ. ಹೇಳದಿದ್ದರೆ ನಾಳೆ ಮತ್ತೆ ಆ ವರಾಂಡ. ಅವ್ವ ಕಣ್ಣು ಮಿಟುಕಿಸದೆ ನನ್ನ ಕೈಗಳನ್ನೇ ನೋಡುತ್ತಿದ್ದಳು.

"ಹೇಳವ್ವ," ಅಂದಳು. "ನಾ ಅದೀನಿ."

ಹೇಳಿದೆ. ದನಿ ಎಲ್ಲಿಂದ ಬಂತೋ ತಿಳಿಯದು. ಆಟದ ನಿಯಮ, ನಲ್ಲಿ, ಬೆಂಚು, ಕಾಗದದಲ್ಲಿ ಹಿಡಿದ ರಬ್ಬರು, ಟೀಚರು, ಬಚ್ಚಲಿನ ಪುಡಿ. ಗಿಂಡಿ ಹಿಡಿದುಕೊಂಡೇ, ನಿಂತುಕೊಂಡೇ, ಒಂದನ್ನೂ ಬಿಡದೆ ಹೇಳಿದೆ. ಕೇಳುವವರು ಎದ್ದು ಹೋಗುವಂತಿರಲಿಲ್ಲ. ಎಲೆಯ ಮುಂದಿನಿಂದ ಊಟವಿಲ್ಲದೆ ಏಳುವುದು ಎಲೆಗೆ ಮೊದಲೇ ಕೈ ಹಾಕುವುದಕ್ಕಿಂತ ದೊಡ್ಡ ತಪ್ಪು. ಹೋಳಿಗೆಯ ಮೇಲೆ ತುಪ್ಪ ಬಿಳುಪಾಗಿ ಗಟ್ಟಿಯಾಯಿತು. ನಾನು ಬರಹಗಾರ್ತಿಯಾದದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ಪದವಿ ಮುಗಿಸಿದ ವರ್ಷ ಹೇಳಿ ಸುಮ್ಮನಾಗುತ್ತೇನೆ. ನಿಜವಾದ ಉತ್ತರ ಆ ಪಡಸಾಲೆಯಲ್ಲಿದೆ.

ನನ್ನ ಮಾತು ಮುಗಿದ ಮೇಲೆ ಅಪ್ಪ ರೂಪಾಳ ಕಡೆ ತಿರುಗಿ ಏನೋ ಹೇಳಹೊರಟ. ಅಜ್ಜಿ ಕೈಯೆತ್ತಿ ತಡೆದಳು.

"ಆಕಿನ್ನ ಆಮ್ಯಾಲ ಕೇಳೂಣು. ಇಷ್ಟುದ್ದ ಹುಡುಗಿ ಇದನ್ನ ಹೊಟ್ಟ್ಯಾಗಿಂದ ಕಲ್ತು ಬಂದಿಲ್ಲ. ಎಲ್ಲಿ ನೋಡಿದ್ಲು?"

ಮಾತಾಡಿದವಳು ಅವ್ವ. ಆ ಮನೆಯಲ್ಲಿ ಅವ್ವನ ದನಿ ಅಷ್ಟು ಗಟ್ಟಿಯಾಗಿ ನಾನು ಕೇಳಿದ್ದು ಅದೇ ಮೊದಲು.

"ಅಕ್ಕಾ, ನಾ ಹಬ್ಬದ ಸೀರಿ ಉಟ್ಟು ಬಂದಾಗೂ ನೀ ಆ ಹಳೇ ಸೀರಿ ಹಾಸ್ತಿದ್ದಿ. ನಾನು ನಕ್ಕೊಂತ ಕೂಡ್ತಿದ್ದೆ. ನೀ ಹಾಸಬಾರದಿತ್ತು. ನಾ ಕೂಡಬಾರದಿತ್ತು."

ದೊಡ್ಡವ್ವನ ಮುಖ ಕೆಂಪಾಯಿತು. ಸಿಟ್ಟಿನಿಂದಲೆಂದು ನಾನು ಹೆದರಿದೆ. "ನಾ ಅಷ್ಟು ವಿಚಾರ ಮಾಡಿರ್ಲಿಲ್ಲ ಸುವರ್ಣಾ" ಎಂದಳು. ಆಮೇಲೆ ಮಗಳತ್ತ ನೋಡಿ, "ವಿಚಾರ ಮಾಡಬೇಕಿತ್ತು" ಎಂದಳು. ಆಗ ರೂಪಾ ಜೋರಾಗಿ ಅಳತೊಡಗಿದಳು. ಅಳುತ್ತಲೇ ಎಲೆಯ ಮೇಲಿನ ಕೈ ತೆಗೆದಳು. ನಾನು ಬಾಗಿ ತುಪ್ಪ ಹಾಕಿದೆ. ಪಲ್ಯದ ಮೇಲೂ ಬಿತ್ತು. ಅಜ್ಜಿ "ಹೂಂ, ಉಣ್ರಿ" ಅಂದಳು. ಆ ತಣ್ಣಗಿನ ಊಟದ ರುಚಿ ಹೇಗಿತ್ತೆಂದು ನನಗೆ ನೆನಪಿಲ್ಲ. ಪೂರ್ತಿ ಉಂಡೆ ಎಂಬುದು ಮಾತ್ರ ನೆನಪಿದೆ.

ಮರುದಿನ ಅವ್ವ ಶಾಲೆಗೆ ಹೊರಟಾಗ ದೊಡ್ಡವ್ವ ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದು ಬಂದಳು, ಕರೆಯದೇ. ಟೀಚರು ನಕ್ಕು, ಮಕ್ಕಳು ಆಟ ಆಡುತ್ತವೆ, ನೀವು ದೊಡ್ಡದು ಮಾಡಬೇಡಿ ಎಂದರು.

"ಆಟ ಅಂದ್ರ ಒಮ್ಮಿ ಇವರು ಕಳ್ಳ, ಒಮ್ಮಿ ಅವರು ಕಳ್ಳ ಆಗ್ಬೇಕಲ್ರಿ," ಅಂದಳು ಅವ್ವ. "ತಿಂಗಳಗಟ್ಟಲೆ ಒಬ್ಬಾಕೀನ ಕಳ್ಳಿ ಆದ್ರ ಅದೆಂಥಾ ಆಟರಿ?"

"ಶುರು ಮಾಡಿದಾಕಿ ನನ್ನ ಮಗಳ್ರಿ," ಎಂದಳು ದೊಡ್ಡವ್ವ. "ನಿಲ್ಲಸಾದು ನಿಮ್ಮ ಕೈಯಾಗೈತಿ."

ಟೀಚರ ನಗು ಅಲ್ಲಿಗೆ ನಿಂತಿತು. ಅವರು ನನ್ನನ್ನು ತಮ್ಮ ಪಕ್ಕ ಕೂರಿಸಿಕೊಂಡು ತರಗತಿಯೊಡನೆ ಮಾತಾಡಿದರು. ಊಟದ ಹೊತ್ತಿನಲ್ಲಿ ವರಾಂಡದಲ್ಲಿ ಬಂದು ನಿಲ್ಲತೊಡಗಿದರು. ಆಟ ಒಂದೇ ದಿನಕ್ಕೆ ಮುಗಿಯಲಿಲ್ಲ. ಬೆಂಚಿನ ಹುಡುಗಿ ಮರಳಿ ಬರಲು ದಸರೆಯ ರಜೆ ಕಳೆಯಬೇಕಾಯಿತು. ನನ್ನ ದನಿ ಪೂರ್ತಿ ಮರಳಲು ಇನ್ನೂ ಹೆಚ್ಚು ಕಾಲ ಹಿಡಿಯಿತು. ಇಂದಿಗೂ ತುಂಬಿದ ಸಭೆಯಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿ ಉಳಿದರೆ ನಾನು ನನಗರಿವಿಲ್ಲದೆ ಕೈ ನೋಡಿಕೊಳ್ಳುತ್ತೇನೆ. ಮಕ್ಕಳು ಬೇಗ ಮರೆಯುತ್ತಾರೆ ಎನ್ನುವವರು ಇದನ್ನು ತಿಳಿಯಬೇಕು. ಆದರೆ ನಾನು ಶಾಲೆ ಬಿಡಲಿಲ್ಲ. ಅವ್ವ ದೇಶನೂರಿಗೆ ಮರಳಲಿಲ್ಲ. ಮಹಡಿಯ ಸೋಫಾದ ಮೇಲೆ ಆ ಹಳೆಯ ಸೀರೆ ಮತ್ತೆ ಬರಲಿಲ್ಲ. ಸೋಫಾದ ಒಂದು ತೋಳಿನ ಮೇಲೆ ತಿಳಿನೀಲಿ ಕಲೆಯೊಂದು ಬಿದ್ದಾಗ ದೊಡ್ಡವ್ವ ಅದನ್ನು ಉಜ್ಜಿ ನೋಡಿ, ಹೋಗದಿದ್ದಾಗ "ಇರ್ಲಿ ಬಿಡು" ಎಂದಳಂತೆ.

ರೂಪಾ ನನ್ನ ಬಳಿ ಆ ಕುರಿತು ಮುಂದೆ ಏನೂ ಮಾತಾಡಲಿಲ್ಲ. ನಾವು ಜಗಳವಾಡಿದೆವು, ಒಟ್ಟಿಗೆ ಪರೀಕ್ಷೆಗೆ ಓದಿದೆವು, ಅವಳ ಮದುವೆಯಲ್ಲಿ ನಾನು ಅವಳ ಜಡೆ ಹೆಣೆದೆ. ಆ ಮಾತು ಮಾತ್ರ ನಮ್ಮಿಬ್ಬರ ನಡುವೆ ಮುಚ್ಚಿದ ಎಲೆಯಂತೆ ಉಳಿದಿತ್ತು. ಅವಳೀಗ ಕುರುಗೋಡಿನಲ್ಲಿದ್ದಾಳೆ. ಹೋದ ಶ್ರಾವಣದಲ್ಲಿ ಊಟಕ್ಕೆ ಕರೆದಳು. ಬಂಡೆಗುಡ್ಡದ ಬಿಸಿ ಇನ್ನೂ ಆರದ ಮಧ್ಯಾಹ್ನ, ಅವಳ ಮನೆಯ ತಣ್ಣನೆಯ ನೆಲದ ಮೇಲೆ ಬಾಳೆಲೆ. ಅಜ್ಜಿ ಈಗಿಲ್ಲ, ಅವಳ ಹಿತ್ತಾಳೆಯ ಗಿಂಡಿ ರೂಪಾಳ ಪಾಲಿಗೆ ಬಂದಿದೆ. ಅದನ್ನು ಹಿಡಿದು ಅವಳ ಮಗಳು ನಿಂತಿದ್ದಳು, ಆಗ ನಾವಿದ್ದಷ್ಟೇ ಎತ್ತರ.

"ತುಪ್ಪ ಹಾಕ್ಲೇನವ್ವ?"

"ತಡಿ," ಎಂದಳು ರೂಪಾ. ತನ್ನ ಎಲೆಯ ಮೇಲೆ ಎರಡೂ ಅಂಗೈ ಚಾಚಿ ಮುಚ್ಚಿದಳು. ಅವಳು ನನ್ನನ್ನು ನೋಡಲಿಲ್ಲ, ಮಗಳನ್ನೇ ನೋಡುತ್ತಿದ್ದಳು. "ಮೊನ್ನೆ ಸಾಲ್ಯಾಗ ಯಾರೋ ಒಂದು ಹುಡುಗಿ ಕೂಡ ಯಾರೂ ಉಣ್ಣಂಗಿಲ್ಲ ಅಂದಿಯಲ್ಲ, ಅದಕ್ಕ ಹೇಳ್ತೀನಿ ಕೇಳು. ನಿನ್ನಷ್ಟಾಕಿ ಇದ್ದಾಗ ನಾ ನಿಮ್ಮ ಶಿವಿ ಚಿಗವ್ವನ ಕೈಲೆ ತುಪ್ಪ ಬ್ಯಾಡ ಅಂದಿದ್ದೆ. ಹಿಂಗ ಎಲಿ ಮುಚ್ಚಿದ್ದೆ."

"ಯಾಕ?"

"ಹೇಳ್ತೀನಿ. ಕೂಡು. ನನ್ನ ತಪ್ಪು ಏನೇನೈತಿ ಎಲ್ಲಾ ಹೇಳ್ತೀನಿ."

ಹುಡುಗಿ ಗಿಂಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ರೂಪಾ ಹೇಳತೊಡಗಿದಳು: ಆಟದ ನಿಯಮ, ನಲ್ಲಿ, ಬೆಂಚು, ನಾನೇ ಮರೆತಿದ್ದ ಇನ್ನೆರಡು ಸಂಗತಿಗಳು. ನಾನು ನಡುವೆ ಬಾಯಿ ಹಾಕಲಿಲ್ಲ. ಈ ಒಂದು ಸಲವಾದರೂ ಅದನ್ನು ಹೇಳುವ ಕೆಲಸ ನನ್ನದಾಗಿರಲಿಲ್ಲ. ಅನ್ನ ಆರುತ್ತಿತ್ತು. ನಾನು ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕಾಯುತ್ತಾ ಕೂತೆ.